51ನೇ ರಾಜ್ಯ ಯಾಕೆ ಹುಟ್ಟುತ್ತಿಲ್ಲ? ಅಮೆರಿಕದ ಸೆನೆಟ್ ಲೆಕ್ಕ

ಕೆನಡಾ ಅಮೆರಿಕದ 51ನೇ ರಾಜ್ಯ ಆಗಬೇಕು ಅಂತ ಡೊನಾಲ್ಡ್ ಟ್ರಂಪ್ 2025ರಲ್ಲಿ ಮತ್ತೆ ಮತ್ತೆ ಹೇಳಿದರು. ಗ್ರೀನ್‌ಲ್ಯಾಂಡ್ ತಮಗೆ ಬೇಕು ಅಂತಲೂ ಹೇಳಿದರು. ಅದೇ ವರ್ಷ ಆಗಸ್ಟ್ 11ರಂದು ಅವರು ರಾಜಧಾನಿ ವಾಷಿಂಗ್ಟನ್ ಡಿ.ಸಿ. ನಗರದ ಪೊಲೀಸ್ ಇಲಾಖೆಯನ್ನು ತಮ್ಮ ಹತೋಟಿಗೆ ತೆಗೆದುಕೊಂಡರು, ಬೀದಿಗಳಿಗೆ ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಪಡೆ ಇಳಿಸಿದರು. ನಗರದ ಜನ ಆರಿಸಿದ ಮೇಯರ್ ಮ್ಯುರಿಯಲ್ ಬೌಸರ್ ಅವರಿಗೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. ಯಾಕೆಂದರೆ ಡಿ.ಸಿ. ಒಂದು ರಾಜ್ಯ ಅಲ್ಲ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ನಾವು ಬರುವುದಿಲ್ಲ ಅನ್ನುತ್ತಿರುವ ಕೆನಡಾದವರನ್ನು ಕರೆಯುವ ದೇಶ, ರಾಜ್ಯದ ಸ್ಥಾನಮಾನ ಕೊಡಿ ಅಂತ ದಶಕಗಳಿಂದ ಕೇಳುತ್ತಿರುವ ತನ್ನದೇ ಪ್ರಜೆಗಳಿಗೆ ಯಾಕೆ ಕೊಡುತ್ತಿಲ್ಲ? ಡಿ.ಸಿ.ಯಲ್ಲಿ ಸುಮಾರು 7 ಲಕ್ಷ ಜನ ಇದ್ದಾರೆ. ಅಮೆರಿಕದ ಹಿಡಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಸುಮಾರು 32 ಲಕ್ಷ. ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಮೆರಿಕದ ಪ್ರಜೆಗಳೇ. ಆದರೂ ಇವರಲ್ಲಿ ಯಾರಿಗೂ ಅಲ್ಲಿನ ಸಂಸತ್ತಿನಲ್ಲಿ ವೋಟು ಹಾಕುವ ಒಬ್ಬ ಪ್ರತಿನಿಧಿಯೂ ಇಲ್ಲ.

ಸಂವಿಧಾನ ಅಡ್ಡ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಂವಿಧಾನದ ತೊಡಕು ಸ್ವಲ್ಪ ಇದೆ, ಅದನ್ನು ಮುಂದೆ ನೋಡೋಣ. ಆದರೆ ನಿಜವಾದ ತಡೆ ಮೇಲ್ಮನೆಯಾದ ಸೆನೆಟ್‌ನ ಎರಡು ಸೀಟುಗಳದ್ದು.

ಕಾನೂನು ಕೇಳುವುದು ಇಷ್ಟೇ

ಹೊಸ ರಾಜ್ಯ ಸೇರಿಸುವ ವಿಷಯ ಅಮೆರಿಕದ ಸಂವಿಧಾನದ 4ನೇ ವಿಧಿಯ 3ನೇ ಸೆಕ್ಷನ್‌ನಲ್ಲಿದೆ. ಬಹಳ ಚಿಕ್ಕ ನಿಯಮ. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಹೊಸ ರಾಜ್ಯಗಳನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಬಹುದು. ಇರುವ ರಾಜ್ಯವನ್ನು ಒಡೆದು ಮಾಡುವುದಾದರೆ ಆ ರಾಜ್ಯದ ಶಾಸನಸಭೆ ಒಪ್ಪಬೇಕು. ಅಷ್ಟೇ. ಇಷ್ಟು ಜನಸಂಖ್ಯೆ ಇರಬೇಕು, ಇಂಥ ಭಾಷೆ ಆಡಬೇಕು, ಇಷ್ಟು ಆದಾಯ ಇರಬೇಕು ಅನ್ನುವ ಷರತ್ತು ಯಾವುದೂ ಇಲ್ಲ. ಎರಡೂ ಸದನಗಳಲ್ಲಿ ಸಾಮಾನ್ಯ ಬಹುಮತ, ಆಮೇಲೆ ಅಧ್ಯಕ್ಷರ ಸಹಿ. ಸಂವಿಧಾನ ತಿದ್ದುವುದಾದರೆ ಮೂರರಲ್ಲಿ ಎರಡರಷ್ಟು ವೋಟು ಬೇಕು, ಜೊತೆಗೆ 38 ರಾಜ್ಯಗಳು ಒಪ್ಪಬೇಕು. ಹೊಸ ರಾಜ್ಯಕ್ಕೆ ಅದ್ಯಾವುದೂ ಬೇಕಿಲ್ಲ.

ಮೂಲ 13 ರಾಜ್ಯಗಳ ಮೇಲೆ 37 ರಾಜ್ಯಗಳು ಹೀಗೇ ಬಂದವು. ಕೊನೆಯದು ಹವಾಯಿ, 1959ರ ಆಗಸ್ಟ್ 21ರಂದು. ಅಲ್ಲಿಂದ ಈಚೆಗೆ ಒಂದೂ ಇಲ್ಲ. ಅಮೆರಿಕದ ಇತಿಹಾಸದಲ್ಲಿ ಹೊಸ ರಾಜ್ಯ ಸೇರದೆ ಇಷ್ಟು ವರ್ಷ ಕಳೆದದ್ದು ಇದೇ ಮೊದಲು. ಆಗಲೂ ಈಗಲೂ ನಿಯಮ ಒಂದೇ, ಹಾಗಾದರೆ ಬದಲಾದದ್ದು ಏನು ಅಂತ ನೋಡಬೇಕು.

ಎರಡು ಸೀಟಿನ ಲೆಕ್ಕ

ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡು ಸೀಟು. ಜನಸಂಖ್ಯೆ ಎಷ್ಟೇ ಇರಲಿ. 2020ರ ಜನಗಣತಿಯ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ ಜನ, ವಯೋಮಿಂಗ್‌ನಲ್ಲಿ 5.77 ಲಕ್ಷ. ಇಬ್ಬರಿಗೂ ಎರಡೆರಡೇ ಸೆನೆಟರ್. ಈ ಸಮಾನತೆಯನ್ನು ಆಯಾ ರಾಜ್ಯದ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗಿಲ್ಲ ಅಂತ ಸಂವಿಧಾನದ 5ನೇ ವಿಧಿಯೇ ಹೇಳುತ್ತದೆ.

ಇಲ್ಲಿ ನಮ್ಮ ದೇಶದ ಜೊತೆ ಹೋಲಿಸಿದರೆ ವಿಷಯ ಬೇಗ ಅರ್ಥ ಆಗುತ್ತದೆ. 2014ರಲ್ಲಿ ತೆಲಂಗಾಣ ಆದಾಗ ಆಂಧ್ರದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತ್ತು. ಆದರೂ ಸಂಸತ್ತು ಮುಂದೆ ಹೋಯಿತು, ಯಾಕೆಂದರೆ ನಮ್ಮ 3ನೇ ವಿಧಿಯ ಪ್ರಕಾರ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಇದು ಒಂದು ವ್ಯತ್ಯಾಸ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅವಿಭಜಿತ ಆಂಧ್ರಕ್ಕೆ ರಾಜ್ಯಸಭೆಯಲ್ಲಿ 18 ಸೀಟು ಇತ್ತು. ಒಡೆದ ಮೇಲೆ ಆಂಧ್ರಕ್ಕೆ 11, ತೆಲಂಗಾಣಕ್ಕೆ 7. ಒಟ್ಟು ಅದೇ 18! ಹೊಸ ರಾಜ್ಯ ಹುಟ್ಟಿತು, ಆದರೆ ಮೇಲ್ಮನೆಯ ಬಲಾಬಲ ಸೀಟಿನ ಲೆಕ್ಕದಲ್ಲಿ ಒಂಚೂರೂ ಅಲುಗಲಿಲ್ಲ. ನಮ್ಮಲ್ಲಿ ರಾಜ್ಯಸಭೆಯ ಸೀಟು ಜನಸಂಖ್ಯೆಯ ಮೇಲೆ ಹಂಚಿಕೆ ಆಗುವುದರಿಂದ ಹೊಸ ರಾಜ್ಯದ ಜಗಳ ನೀರು, ಆದಾಯ, ರಾಜಧಾನಿಯ ಸುತ್ತ ನಡೆಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಹೊಸ ರಾಜ್ಯವೂ ಎರಡು ಹೊಸ ಸೆನೆಟರ್‌ಗಳನ್ನು ತರುತ್ತದೆ, ಆ ಇಬ್ಬರು ಕಾನೂನಿಗೆ ಮಾತ್ರ ವೋಟು ಹಾಕುವುದಿಲ್ಲ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕ, ಸಂಪುಟದ ನೇಮಕ, ವಿದೇಶಿ ಒಪ್ಪಂದ ಎಲ್ಲಕ್ಕೂ ಹಾಕುತ್ತಾರೆ.

ಸೆನೆಟ್‌ನಲ್ಲಿ ರಿಪಬ್ಲಿಕನ್, ಡೆಮಾಕ್ರಾಟ್ ಎರಡು ಪಕ್ಷಗಳ ಅಂತರ ಈಗ ಎಷ್ಟು ಕಡಿಮೆ ಅಂದರೆ, 2021ರಲ್ಲಿ 50-50 ಇತ್ತು, 2025ರಲ್ಲಿ 53-47 ಆಯಿತು. ಇಂಥ ಸದನದಲ್ಲಿ ಎರಡು ಸೀಟು ಅಂದರೆ ಸಣ್ಣ ಮಾತಲ್ಲ. ಜೊತೆಗೆ ಇದು ಹಿಂದೆ ತೆಗೆದುಕೊಳ್ಳಲಾಗದ ತೀರ್ಮಾನ. ತೆರಿಗೆ ಕಾನೂನು ಇಷ್ಟ ಆಗದಿದ್ದರೆ ಮುಂದಿನ ಸರ್ಕಾರ ರದ್ದು ಮಾಡಬಹುದು. ಒಮ್ಮೆ ಸೇರಿದ ರಾಜ್ಯವನ್ನು ಹೊರಗೆ ಹಾಕುವ ದಾರಿ ಇಲ್ಲ, ಒಕ್ಕೂಟ ಒಡೆಯಲಾಗದ್ದು ಅಂತ ಸುಪ್ರೀಂ ಕೋರ್ಟ್ 1869ರಲ್ಲೇ ಹೇಳಿದೆ. ಸೋಲುವ ಪಕ್ಷಕ್ಕೆ ಇದು ಶಾಶ್ವತ ನಷ್ಟದ ಹಾಗೆ ಕಾಣುತ್ತದೆ. ಅದಕ್ಕೇ ಅಷ್ಟು ಬಿಗಿ ವಿರೋಧ.

ಹಿಂದೆ ಜೋಡಿ ಜೋಡಿಯಾಗಿ ಸೇರಿಸುತ್ತಿದ್ದರು

ಈ ಭಯ ಹೊಸದಲ್ಲ. 1820ರಲ್ಲಿ ಮಿಸೌರಿ ಗುಲಾಮಗಿರಿ ಇರುವ ರಾಜ್ಯವಾಗಿ ಬರಬೇಕಿತ್ತು. ಸೆನೆಟ್‌ನಲ್ಲಿ ತೂಕ ತಪ್ಪದಿರಲಿ ಅಂತ ಮ್ಯಾಸಚೂಸೆಟ್ಸ್‌ನಿಂದ ಮೇನ್ ಅನ್ನು ಬೇರೆ ಮಾಡಿ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿಸಿದರು. ಆಮೇಲೆ ಸುಮಾರು ಮೂರು ದಶಕ ಇದೇ ಪದ್ಧತಿ ನಡೆಯಿತು, ಅತ್ತ ಒಂದು ಇತ್ತ ಒಂದು.

ಒಂದೇ ಪಕ್ಷದ ಕೈ ಮೇಲಾದಾಗ ಏನಾಗುತ್ತಿತ್ತು ಅನ್ನುವುದಕ್ಕೂ ಉದಾಹರಣೆ ಇದೆ. 1889ರಲ್ಲಿ ಡಕೋಟಾ ಪ್ರದೇಶವನ್ನು ಉತ್ತರ, ದಕ್ಷಿಣ ಅಂತ ಎರಡು ರಾಜ್ಯ ಮಾಡಿದರು. ಅಲ್ಲಿ ರಿಪಬ್ಲಿಕನ್ನರು ಬಲವಾಗಿದ್ದರು, ಒಂದರ ಬದಲು ಎರಡು ರಾಜ್ಯ ಆದರೆ ಎರಡರ ಬದಲು ನಾಲ್ಕು ಸೆನೆಟರ್ ಅಲ್ವಾ? ಅದೇ ನವೆಂಬರ್‌ನಲ್ಲಿ ಮೊಂಟಾನಾ, ವಾಷಿಂಗ್ಟನ್ (ರಾಜಧಾನಿ ಅಲ್ಲ, ಅದೇ ಹೆಸರಿನ ರಾಜ್ಯ) ರಾಜ್ಯಗಳು ಬಂದವು, 1890ರ ಜುಲೈನಲ್ಲಿ ಐಡಾಹೊ, ವಯೋಮಿಂಗ್. ಒಂದು ವರ್ಷವೂ ತುಂಬುವ ಮೊದಲೇ ಆರು ರಾಜ್ಯ, ಹನ್ನೆರಡು ಸೆನೆಟರ್. ಆಗ ವಯೋಮಿಂಗ್‌ನಲ್ಲಿ ಇದ್ದದ್ದು ಸುಮಾರು 60 ಸಾವಿರ ಜನ ಮಾತ್ರ. ಈಗ ಡಿ.ಸಿ. ತುಂಬ ಚಿಕ್ಕದು ಅಂತ ವಾದಿಸುವವರು ಈ ಇತಿಹಾಸ ನೋಡಬೇಕು.

ಇನ್ನೊಂದು ಕಡೆ ನ್ಯೂ ಮೆಕ್ಸಿಕೊ ಇದೆ. ಅದು ಅಮೆರಿಕದ ಕೈಗೆ ಬಂದದ್ದು 1848ರಲ್ಲಿ, ರಾಜ್ಯ ಆದದ್ದು 1912ರಲ್ಲಿ. 64 ವರ್ಷ ಕಾಯಬೇಕಾಯಿತು. ಅಲ್ಲಿನ ಬಹುಪಾಲು ಜನ ಸ್ಪ್ಯಾನಿಷ್ ಮಾತಾಡುತ್ತಿದ್ದರು, ಕ್ಯಾಥೊಲಿಕ್ಕರಾಗಿದ್ದರು, ಇವರು ನಿಜವಾದ ಅಮೆರಿಕನ್ನರೇ ಅನ್ನುವ ಅನುಮಾನ ವಾಷಿಂಗ್ಟನ್‌ನ ನಾಯಕರಿಗೆ ಹೋಗಲೇ ಇಲ್ಲ. 1906ರಲ್ಲಂತೂ ನ್ಯೂ ಮೆಕ್ಸಿಕೊ ಮತ್ತು ಅರಿಜೋನಾ ಎರಡನ್ನೂ ಸೇರಿಸಿ ಒಂದೇ ರಾಜ್ಯ ಮಾಡುವ ಪ್ರಸ್ತಾಪವನ್ನು ಜನರ ಮುಂದಿಟ್ಟರು. ಅರಿಜೋನಾದವರು ಬೇಡ ಅಂದರು. ಈ ಕಥೆ ಪೋರ್ಟೊ ರಿಕೊ ವಿಷಯಕ್ಕೆ ಬಂದಾಗ ನೆನಪಿಗೆ ಬರುತ್ತದೆ.

ಕೊನೆಯ ಜೋಡಿ ಅಲಾಸ್ಕಾ ಮತ್ತು ಹವಾಯಿ. ಹವಾಯಿಯನ್ನು ದಕ್ಷಿಣದ ಡೆಮಾಕ್ರಾಟ್‌ಗಳು ವರ್ಷಗಟ್ಟಲೆ ತಡೆದರು. ಅಲ್ಲಿ ಏಷ್ಯಾ ಮೂಲದ ಜನ ಜಾಸ್ತಿ, ಅಲ್ಲಿಂದ ಬರುವ ಸೆನೆಟರ್‌ಗಳು ಕಪ್ಪು ಜನರ ನಾಗರಿಕ ಹಕ್ಕಿನ ಪರ ವೋಟು ಹಾಕುತ್ತಾರೆ ಅನ್ನುವ ಭಯ. ಕೊನೆಗೆ ಅಲಾಸ್ಕಾ ಡೆಮಾಕ್ರಾಟ್‌ಗಳಿಗೆ, ಹವಾಯಿ ರಿಪಬ್ಲಿಕನ್ನರಿಗೆ ಅನ್ನುವ ಅಂದಾಜಿನ ಮೇಲೆ ಎರಡೂ 1959ರಲ್ಲಿ ಬಂದವು. ಆ ಅಂದಾಜು ನಿಲ್ಲಲಿಲ್ಲ. ಈಗ ಹವಾಯಿ ಡೆಮಾಕ್ರಾಟ್‌ಗಳ ಭದ್ರಕೋಟೆ, ಅಲಾಸ್ಕಾ ಅಧ್ಯಕ್ಷರ ಚುನಾವಣೆಯಲ್ಲಿ 1964 ಒಂದನ್ನು ಬಿಟ್ಟು ಪ್ರತಿ ಸಲವೂ ರಿಪಬ್ಲಿಕನ್ನರ ಕಡೆ ನಿಂತಿದೆ. ಯಾವ ರಾಜ್ಯ ಯಾರಿಗೆ ಅನ್ನುವ ಲೆಕ್ಕ ಮುಂದಿನ ಪೀಳಿಗೆಯಲ್ಲಿ ಉಳಿಯುತ್ತದೆ ಅಂತ ಯಾರೂ ಹೇಳಲಾರರು. ಆದರೂ ಇವತ್ತಿನ ನಾಯಕರು ಇವತ್ತಿನ ಲೆಕ್ಕವನ್ನೇ ಹಿಡಿದು ಕೂತಿದ್ದಾರೆ.

ವಾಷಿಂಗ್ಟನ್: ತೆರಿಗೆ ಉಂಟು, ವೋಟು ಇಲ್ಲ

ರಾಜಧಾನಿಯನ್ನು ಯಾವ ರಾಜ್ಯಕ್ಕೂ ಸೇರಿಸದೆ ಬೇರೆ ಇಟ್ಟದ್ದಕ್ಕೆ ಕಾರಣ ಇತ್ತು. 1783ರಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ದಂಗೆ ಎದ್ದಾಗ ಪೆನ್ಸಿಲ್ವೇನಿಯಾ ಸರ್ಕಾರ ರಕ್ಷಣೆಗೆ ಬರಲಿಲ್ಲ, ಕಾಂಗ್ರೆಸ್ ಊರು ಬಿಟ್ಟು ಹೋಗಬೇಕಾಯಿತು. ರಾಷ್ಟ್ರದ ಸರ್ಕಾರ ಒಂದು ರಾಜ್ಯದ ಮರ್ಜಿಯಲ್ಲಿ ಇರಬಾರದು ಅಂತ ಸಂವಿಧಾನ ಬರೆದವರು ಹತ್ತು ಮೈಲಿ ಚೌಕದ ಒಳಗಿನ ಒಂದು ಜಿಲ್ಲೆಯನ್ನು ಕಾಂಗ್ರೆಸ್ಸಿನ ಕೈಗೆ ಕೊಟ್ಟರು. ಆಗ ಅದು ಸರಿಯಾದ ಯೋಚನೆಯೇ. ಆದರೆ ಅಲ್ಲಿ ಮುಂದೆ ಲಕ್ಷಗಟ್ಟಲೆ ಜನ ನೆಲೆಸುತ್ತಾರೆ, ಅವರ ವೋಟಿನ ಗತಿ ಏನು ಅನ್ನುವುದಕ್ಕೆ ಉತ್ತರ ಬರೆದಿಡಲಿಲ್ಲ.

1874ರಿಂದ ಸುಮಾರು ನೂರು ವರ್ಷ ಆ ನಗರದ ಜನರಿಗೆ ಸ್ವಂತ ಸ್ಥಳೀಯ ಸರ್ಕಾರ ಆರಿಸುವ ಹಕ್ಕೂ ಇರಲಿಲ್ಲ. 1961ರ 23ನೇ ತಿದ್ದುಪಡಿ ಅಧ್ಯಕ್ಷರ ಚುನಾವಣೆಯಲ್ಲಿ ವೋಟು ಕೊಟ್ಟಿತು. 1973ರ ಹೋಮ್ ರೂಲ್ ಕಾಯ್ದೆಯಿಂದ ಮೇಯರ್, ಕೌನ್ಸಿಲ್ ಬಂದವು. ಆದರೆ ನಗರ ಮಾಡಿದ ಯಾವ ಕಾನೂನನ್ನಾದರೂ ಕಾಂಗ್ರೆಸ್ ತಳ್ಳಿಹಾಕಬಹುದು. 2023ರಲ್ಲಿ ನಗರದ ಹೊಸ ಅಪರಾಧ ಸಂಹಿತೆಯನ್ನು ಹಾಗೇ ತಳ್ಳಿಹಾಕಿದರು, ರಾಜ್ಯದ ಸ್ಥಾನಮಾನದ ಪರ ಇದ್ದ ಆಗಿನ ಡೆಮಾಕ್ರಾಟ್ ಅಧ್ಯಕ್ಷ ಬೈಡನ್ ಕೂಡ ಅದಕ್ಕೆ ಸಹಿ ಹಾಕಿದರು. 2025ರ ಮಾರ್ಚ್‌ನಲ್ಲಿ ಇನ್ನೂ ವಿಚಿತ್ರ. ಕೇಂದ್ರದ ತಾತ್ಕಾಲಿಕ ಖರ್ಚಿನ ಮಸೂದೆಯಲ್ಲಿ ಪ್ರತಿ ಸಲ ಇರುತ್ತಿದ್ದ ಒಂದು ಸಾಲು ಬಿಟ್ಟುಹೋಯಿತು, ಅದರಿಂದ ನಗರ ತಾನೇ ತೆರಿಗೆಯಿಂದ ಸಂಗ್ರಹಿಸಿದ ಹಣದಲ್ಲಿ 100 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡದ ಹಾಗಾಯಿತು. ಸೆನೆಟ್ ತಕ್ಷಣ ಸರಿಪಡಿಸಿತು, ಕೆಳಮನೆ ಅದನ್ನು ಕೈಗೆ ಎತ್ತಿಕೊಳ್ಳಲೇ ಇಲ್ಲ. ಶಾಲೆ, ಪೊಲೀಸ್, ಕಸ ವಿಲೇವಾರಿ ಎಲ್ಲದರ ಬಜೆಟ್ ಅತಂತ್ರ ಆಯಿತು.

ಆಮೇಲೆ ಆಗಸ್ಟ್‌ನ ಪೊಲೀಸ್ ಪ್ರಕರಣ. ಹೋಮ್ ರೂಲ್ ಕಾಯ್ದೆಯಲ್ಲೇ 30 ದಿನದ ಮಟ್ಟಿಗೆ ಅಧ್ಯಕ್ಷರು ಪೊಲೀಸರನ್ನು ಬಳಸಿಕೊಳ್ಳಬಹುದು ಅಂತ ಇದೆ, ಅದನ್ನು ಮೊದಲ ಬಾರಿಗೆ ಹೀಗೆ ಬಳಸಿದರು. ರಾಜ್ಯಗಳಲ್ಲಿ ನ್ಯಾಷನಲ್ ಗಾರ್ಡ್ ಸಾಮಾನ್ಯವಾಗಿ ಗವರ್ನರ್ ಮಾತು ಕೇಳುತ್ತದೆ, ಡಿ.ಸಿ.ಯಲ್ಲಿ ನೇರವಾಗಿ ಅಧ್ಯಕ್ಷರ ಮಾತು. ಇಲಿನಾಯ್, ಆರೆಗಾನ್ ರಾಜ್ಯಗಳಿಗೆ ಪಡೆ ಕಳಿಸಲು ಹೊರಟಾಗ ಆ ರಾಜ್ಯಗಳು ಕೋರ್ಟಿಗೆ ಹೋಗಿ ತಡೆ ತಂದವು. ಡಿ.ಸಿ.ಗೆ ರಾಜ್ಯಗಳಷ್ಟು ಬಲ ಇಲ್ಲ. ರಾಜ್ಯದ ಸ್ಥಾನಮಾನ ಅಂದರೆ ಸುಮ್ನೆ ಧ್ವಜದಲ್ಲಿ ಇನ್ನೊಂದು ನಕ್ಷತ್ರ ಅಲ್ಲ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದೆಹಲಿಯ ಪೊಲೀಸರೂ ಕೇಂದ್ರದ ಕೈಯಲ್ಲಿದ್ದಾರೆ, ಅಲ್ಲಿನ ಜಗಳ ನಮಗೆ ಗೊತ್ತಿದ್ದದ್ದೇ. ಆದರೆ ದೆಹಲಿಯವರು ಏಳು ಲೋಕಸಭಾ ಸದಸ್ಯರನ್ನು ಆರಿಸುತ್ತಾರೆ, ರಾಜ್ಯಸಭೆಗೂ ಮೂವರು ಹೋಗುತ್ತಾರೆ. ಡಿ.ಸಿ.ಯಿಂದ ಕೆಳಮನೆಗೆ ಹೋಗುವ ಒಬ್ಬ ಪ್ರತಿನಿಧಿ ಮಾತಾಡಬಹುದು, ಮಸೂದೆ ಅಂತಿಮ ಆಗುವಾಗ ವೋಟು ಹಾಕುವ ಹಾಗಿಲ್ಲ. ಸೆನೆಟ್‌ನಲ್ಲಿ ಯಾರೂ ಇಲ್ಲ. ಅದೇ ಪೊಟೊಮ್ಯಾಕ್ ನದಿಯ ಆಚೆ ವರ್ಜೀನಿಯಾದಲ್ಲೋ, ಪಕ್ಕದ ಮೇರಿಲ್ಯಾಂಡ್‌ನಲ್ಲೋ ಮನೆ ಮಾಡಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಇಬ್ಬರು ಸೆನೆಟರ್ ಇದ್ದಾರೆ, ಕೆಲಸಕ್ಕೆ ಹೋಗುವ ಊರಲ್ಲೇ ಮನೆ ಮಾಡಿದರೆ ಆ ಹಕ್ಕು ಹೋಗುತ್ತದೆ. ಡಿ.ಸಿ.ಯವರು ಕೇಂದ್ರಕ್ಕೆ ತೆರಿಗೆ ಪೂರ್ತಿ ಕಟ್ಟುತ್ತಾರೆ. ಪ್ರಾತಿನಿಧ್ಯ ಇಲ್ಲದ ತೆರಿಗೆ ಅನ್ನುವ ಮಾತನ್ನು ತಮ್ಮ ವಾಹನಗಳ ನಂಬರ್ ಪ್ಲೇಟ್ ಮೇಲೆ 2000ದಿಂದ ಹಾಕಿಸಿಕೊಂಡಿದ್ದಾರೆ, ಬ್ರಿಟಿಷರ ವಿರುದ್ಧ ಇದೇ ದೂರು ಹೇಳಿ ಹುಟ್ಟಿದ ದೇಶ ಅದು.

2016ರಲ್ಲಿ ಸುಮಾರು 86% ಮತದಾರರು ರಾಜ್ಯ ಬೇಕು ಅಂದರು. ಕೆಳಮನೆ 2020ರ ಜೂನ್‌ನಲ್ಲಿ 232-180, 2021ರ ಏಪ್ರಿಲ್‌ನಲ್ಲಿ 216-208 ವೋಟಿನಿಂದ ಮಸೂದೆ ಪಾಸು ಮಾಡಿತು. ಸೆನೆಟ್‌ನಲ್ಲಿ ಎರಡೂ ಸಲ ವೋಟಿಗೇ ಬರಲಿಲ್ಲ. ಕಾರಣ ಗುಟ್ಟೇನೂ ಅಲ್ಲ. 2020ರ ಚುನಾವಣೆಯಲ್ಲಿ ಡಿ.ಸಿ.ಯ ಸುಮಾರು 92% ವೋಟು ಬೈಡನ್‌ಗೆ ಹೋಯಿತು. ಅದೇ ವರ್ಷ ಮೇ ತಿಂಗಳ ಒಂದು ಪತ್ರಿಕಾ ಸಂದರ್ಶನದಲ್ಲಿ ಟ್ರಂಪ್, ಡಿ.ಸಿ.ಯನ್ನು ರಾಜ್ಯ ಮಾಡಿದರೆ ಡೆಮಾಕ್ರಾಟ್ ಸೆನೆಟರ್‌ಗಳು ಬರುತ್ತಾರೆ, ಅದಕ್ಕೆ ಒಪ್ಪುವಷ್ಟು ದಡ್ಡರು ರಿಪಬ್ಲಿಕನ್ನರಲ್ಲ ಅನ್ನುವ ಅರ್ಥದಲ್ಲಿ ನೇರವಾಗಿಯೇ ಹೇಳಿದ್ದರು.

ವಿರೋಧಿಗಳ ಕಾನೂನಿನ ವಾದ

ವಿರೋಧ ಪೂರ್ತಿ ಪಕ್ಷದ ಲೆಕ್ಕ ಅಂದರೆ ಅದೂ ತಪ್ಪು. ಗಟ್ಟಿಯಾದ ಒಂದು ಪ್ರಶ್ನೆ 23ನೇ ತಿದ್ದುಪಡಿಯದ್ದು. ಮಸೂದೆಯ ಪ್ರಕಾರ ಶ್ವೇತಭವನ, ಕ್ಯಾಪಿಟಲ್, ಸುಪ್ರೀಂ ಕೋರ್ಟ್ ಇರುವ ಚಿಕ್ಕ ಭಾಗ ಮಾತ್ರ ರಾಷ್ಟ್ರದ ಜಿಲ್ಲೆಯಾಗಿ ಉಳಿಯುತ್ತದೆ, ಉಳಿದದ್ದು ರಾಜ್ಯ ಆಗುತ್ತದೆ. ಆದರೆ 23ನೇ ತಿದ್ದುಪಡಿ ಆ ಜಿಲ್ಲೆಗೆ ಅಧ್ಯಕ್ಷರನ್ನು ಆರಿಸುವ ಮೂರು ಎಲೆಕ್ಟೋರಲ್ ವೋಟು ಕೊಟ್ಟಿದೆ. ಹಾಗಾದರೆ ಶ್ವೇತಭವನದಲ್ಲಿ ವಾಸ ಇರುವ ಕುಟುಂಬವೇ ಮೂರು ಎಲೆಕ್ಟೋರಲ್ ವೋಟು ಆರಿಸುವ ಸ್ಥಿತಿ ಬರಬಹುದು! ಆ ತಿದ್ದುಪಡಿಯನ್ನು ರದ್ದು ಮಾಡಬೇಕು ಅಂದರೆ 38 ರಾಜ್ಯ ಒಪ್ಪಬೇಕು. ಮೊದಲು ರಾಜ್ಯ ಮಾಡೋಣ, ಆಮೇಲೆ ಎಲ್ಲರೂ ಸೇರಿ ಬೇಗ ರದ್ದು ಮಾಡುತ್ತಾರೆ ಅನ್ನುವುದು ಪರ ಇರುವವರ ಉತ್ತರ. ಆ ಉತ್ತರದಲ್ಲಿ ನಂಬಿಕೆ ಜಾಸ್ತಿ, ಖಾತ್ರಿ ಕಡಿಮೆ.

2021ರಲ್ಲಿ ಡೆಮಾಕ್ರಾಟ್ ಪಕ್ಷದವರೇ ಆದ ವೆಸ್ಟ್ ವರ್ಜೀನಿಯಾದ ಸೆನೆಟರ್ ಜೋ ಮ್ಯಾಂಚಿನ್ ಇದೇ ಕಾರಣ ಕೊಟ್ಟು, ಸಂವಿಧಾನ ತಿದ್ದುಪಡಿಯಿಂದಲೇ ಆಗಲಿ ಅಂದರು. 50-50 ಇದ್ದ ಸೆನೆಟ್‌ನಲ್ಲಿ ಅವರೊಬ್ಬರು ಬೇಡ ಅಂದರೆ ಮುಗಿದ ಹಾಗೆ. ತಿದ್ದುಪಡಿಯ ದಾರಿಯನ್ನೂ ಹಿಂದೆ ನೋಡಿದ್ದಾಗಿದೆ. 1978ರಲ್ಲಿ ಡಿ.ಸಿ.ಗೆ ರಾಜ್ಯದಷ್ಟೇ ಪ್ರಾತಿನಿಧ್ಯ ಕೊಡುವ ತಿದ್ದುಪಡಿಗೆ ಎರಡೂ ಸದನಗಳು ಮೂರರಲ್ಲಿ ಎರಡರಷ್ಟು ವೋಟು ಹಾಕಿದವು. ಏಳು ವರ್ಷದ ಗಡುವಿನಲ್ಲಿ ಒಪ್ಪಿದ್ದು 16 ರಾಜ್ಯ ಮಾತ್ರ.

ನಗರದ ವಸತಿ ಭಾಗವನ್ನು ಮೇರಿಲ್ಯಾಂಡ್‌ಗೇ ಹಿಂದಿರುಗಿಸಿ ಅನ್ನುವ ಇನ್ನೊಂದು ಸಲಹೆ ರಿಪಬ್ಲಿಕನ್ನರಿಂದ ಬರುತ್ತದೆ. 1846ರಲ್ಲಿ ಪೊಟೊಮ್ಯಾಕ್ ನದಿಯ ಆಚೆಯ ಭಾಗವನ್ನು ವರ್ಜೀನಿಯಾಗೆ ಹೀಗೇ ಕೊಟ್ಟಿದ್ದರು. ಕಾಗದದ ಮೇಲೆ ಚೆನ್ನಾಗಿದೆ, ವೋಟು ಸಿಗುತ್ತದೆ, ಸೆನೆಟ್ ಅಲುಗುವುದಿಲ್ಲ. ಆದರೆ ಮೇರಿಲ್ಯಾಂಡ್‌ಗೂ ಅದರಲ್ಲಿ ಆಸಕ್ತಿ ಇಲ್ಲ, ಡಿ.ಸಿ.ಯವರಿಗೂ ಬೇಕಿಲ್ಲ.

2009ರಲ್ಲಿ ಹಳೆಯ ಜೋಡಿ ಪದ್ಧತಿಯನ್ನೂ ಪ್ರಯತ್ನಿಸಿದರು. ಡಿ.ಸಿ.ಗೆ ಕೆಳಮನೆಯಲ್ಲಿ ಒಂದು ವೋಟು, ರಿಪಬ್ಲಿಕನ್ ಬಲದ ಯೂಟಾಗೆ ಒಂದು ಹೆಚ್ಚುವರಿ ಸೀಟು. ಸೆನೆಟ್ ಅದನ್ನು 61-37ರಿಂದ ಪಾಸು ಮಾಡಿತ್ತು. ಆದರೆ ಡಿ.ಸಿ.ಯ ಬಂದೂಕು ನಿಯಂತ್ರಣ ಕಾನೂನುಗಳನ್ನು ಕಿತ್ತುಹಾಕುವ ಒಂದು ಸೇರ್ಪಡೆ ಅದಕ್ಕೆ ಅಂಟಿಕೊಂಡಿತು, ಆ ಬೆಲೆ ಕೊಡಲು ಮನಸ್ಸಿಲ್ಲದೆ ಕೆಳಮನೆಯಲ್ಲಿ ಮಸೂದೆ ನಿಂತುಹೋಯಿತು. ಅಷ್ಟು ಹತ್ತಿರ ಬಂದು ತಪ್ಪಿದ್ದು ನೋಡಿದರೆ ನಿಜಕ್ಕೂ ಬೇಸರ ಆಗುತ್ತದೆ.

ಪೋರ್ಟೊ ರಿಕೊ: ಒಳಗೂ ಒಮ್ಮತ ಇಲ್ಲ

ಪೋರ್ಟೊ ರಿಕೊ ಕಥೆ ಬೇರೆ. 1898ರಲ್ಲಿ ಸ್ಪೇನ್ ಜೊತೆಗಿನ ಯುದ್ಧದಲ್ಲಿ ಅಮೆರಿಕ ಅದನ್ನು ಗೆದ್ದುಕೊಂಡಿತು. 1917ರಲ್ಲಿ ಪೌರತ್ವ ಕೊಟ್ಟಿತು. 1952ರಲ್ಲಿ ಸ್ವಂತ ಸಂವಿಧಾನ ಬಂತು. ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ದ್ವೀಪದವರು ವೋಟು ಹಾಕುವ ಹಾಗಿಲ್ಲ. ಅದೇ ವ್ಯಕ್ತಿ ವಿಮಾನ ಹತ್ತಿ ಫ್ಲಾರಿಡಾಕ್ಕೆ ಹೋಗಿ ನೆಲೆಸಿದರೆ ವೋಟು ಬರುತ್ತದೆ! ಹಕ್ಕು ಮನುಷ್ಯನಿಗೆ ಅಲ್ಲ, ವಿಳಾಸಕ್ಕೆ ಅಂಟಿಕೊಂಡಿದೆ. ಈಗ ದ್ವೀಪದಲ್ಲಿ ಇರುವುದಕ್ಕಿಂತ ಜಾಸ್ತಿ ಪೋರ್ಟೊ ರಿಕನ್ನರು ಅಮೆರಿಕದ ಮುಖ್ಯ ಭೂಭಾಗದಲ್ಲಿದ್ದಾರೆ.

ಇದಕ್ಕೆ ಬೇರು 1901ರಿಂದ ಶುರುವಾದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿದೆ. ಇನ್ಸುಲರ್ ಪ್ರಕರಣಗಳು ಅಂತ ಕರೆಯುವ ಆ ತೀರ್ಪುಗಳು, ಈ ದ್ವೀಪಗಳು ಅಮೆರಿಕಕ್ಕೆ ಸೇರಿವೆ, ಆದರೆ ಪೂರ್ತಿ ಅದರ ಭಾಗ ಅಲ್ಲ, ಆದ್ದರಿಂದ ಸಂವಿಧಾನದ ಎಲ್ಲ ಹಕ್ಕೂ ತಾನಾಗಿಯೇ ಅನ್ವಯ ಆಗುವುದಿಲ್ಲ ಅಂದವು. ಅಲ್ಲಿನವರು ಬೇರೆ ಜನಾಂಗ ಅನ್ನುವ ಮಾತು ಆ ತೀರ್ಪುಗಳಲ್ಲೇ ಇದೆ. ಇವತ್ತಿಗೂ ಅವನ್ನು ಪೂರ್ತಿ ತೆಗೆದುಹಾಕಿಲ್ಲ. 2022ರಲ್ಲಿ ಇದೇ ಕೋರ್ಟ್, ಬಡ ವೃದ್ಧರಿಗೂ ಅಂಗವಿಕಲರಿಗೂ ಕೇಂದ್ರ ಕೊಡುವ ಎಸ್‌ಎಸ್‌ಐ ಸಹಾಯಧನವನ್ನು ಪೋರ್ಟೊ ರಿಕೊದವರಿಗೆ ಕೊಡದಿರುವುದು ಸರಿ ಅಂತ 8-1ರಿಂದ ತೀರ್ಪು ಕೊಟ್ಟಿತು.

ಹಾಗಾದರೆ ದ್ವೀಪದವರು ಒಂದೇ ದನಿಯಲ್ಲಿ ರಾಜ್ಯ ಬೇಕು ಅನ್ನುತ್ತಾರಾ? ಇಲ್ಲ. ಮೂರು ಬಣ ಇದೆ: ರಾಜ್ಯ ಬೇಕು ಅನ್ನುವವರು, ಈಗಿನ ಸ್ವಾಯತ್ತ ವ್ಯವಸ್ಥೆಯನ್ನೇ ಸುಧಾರಿಸಿ ಅನ್ನುವವರು, ಸ್ವಾತಂತ್ರ್ಯ ಬೇಕು ಅನ್ನುವವರು. 1967ರಿಂದ 2024ರವರೆಗೆ ಏಳು ಸಲ ಜನಮತ ಕೇಳಿದ್ದಾರೆ. 2017ರಲ್ಲಿ 97% ರಾಜ್ಯದ ಪರ ಬಂತು, ಆದರೆ ಬೇರೆ ಪಕ್ಷಗಳು ಬಹಿಷ್ಕರಿಸಿದ್ದರಿಂದ ಮತದಾನ ಆದದ್ದೇ 23%. 2020ರಲ್ಲಿ ಬೇಕು, ಬೇಡ ಅಂತ ನೇರ ಪ್ರಶ್ನೆ, 52.5% ಬೇಕು ಅಂದರು. 2024ರಲ್ಲಿ ಸುಮಾರು 58% ರಾಜ್ಯದ ಪರ, ಉಳಿದದ್ದು ಸ್ವತಂತ್ರ ಒಡನಾಟ (ಬೇರೆ ದೇಶವಾಗಿ ಅಮೆರಿಕದ ಜೊತೆ ಒಪ್ಪಂದದಲ್ಲಿ ಇರುವುದು) ಮತ್ತು ಪೂರ್ಣ ಸ್ವಾತಂತ್ರ್ಯದ ನಡುವೆ ಹಂಚಿಹೋಯಿತು, ಖಾಲಿ ಬಿಟ್ಟ ಮತಪತ್ರಗಳೂ ಬಹಳ ಇದ್ದವು. ಈ ಯಾವ ಫಲಿತಾಂಶವೂ ಕಾಂಗ್ರೆಸ್ಸನ್ನು ಕಟ್ಟಿಹಾಕುವುದಿಲ್ಲ. ಅದರಿಂದ ಒಂದು ವಿಷಚಕ್ರ ಶುರುವಾಗಿದೆ. ಕಾಂಗ್ರೆಸ್ ಮಾತು ಕೊಡುವುದಿಲ್ಲ, ಆದ್ದರಿಂದ ಜನ ಮತದಾನವನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಜನರಲ್ಲಿ ಸ್ಪಷ್ಟ ಒಮ್ಮತ ಕಾಣುವುದಿಲ್ಲ, ಆದ್ದರಿಂದ ಕಾಂಗ್ರೆಸ್ ಮಾತು ಕೊಡುವುದಿಲ್ಲ. ಹವಾಯಿಯಲ್ಲಿ 1959ರಲ್ಲಿ ಮೊದಲು ಕಾಂಗ್ರೆಸ್ ಕಾನೂನು ಮಾಡಿತು, ಆಮೇಲೆ ಜನರನ್ನು ಕೇಳಿತು, 94% ಒಪ್ಪಿದರು. ಆ ಕ್ರಮ ಇಲ್ಲೂ ಬೇಕು ಅಂತ ನನಗೆ ಅನ್ನಿಸುತ್ತದೆ. ಉತ್ತರ ಜಾರಿಗೆ ಬರುತ್ತದೆ ಅಂತ ಗೊತ್ತಾದಾಗಲೇ ಜನ ತಮ್ಮ ನಿಜವಾದ ಉತ್ತರ ಕೊಡುವುದು.

ಹಣದ ಮಾತೂ ಇದೆ. ದ್ವೀಪದಲ್ಲಿ ದುಡಿದ ಹಣಕ್ಕೆ ಬಹುತೇಕ ಜನ ಕೇಂದ್ರದ ಆದಾಯ ತೆರಿಗೆ ಕಟ್ಟುವುದಿಲ್ಲ. ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿ, ವೃದ್ಧರ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಮಾತ್ರ ಕಟ್ಟುತ್ತಾರೆ. ರಾಜ್ಯ ಆದರೆ ಈ ವಿನಾಯಿತಿ ಹೋಗುತ್ತದೆ. ಕಡಿಮೆ ತೆರಿಗೆ ಅಂತ ಅಲ್ಲಿ ನೆಲೆಸಿರುವ ಕಂಪನಿಗಳಿಗೂ ಶ್ರೀಮಂತರಿಗೂ ಅದು ಬೇಕಿಲ್ಲ. ಇನ್ನೊಂದು ಕಡೆ ರಾಜ್ಯ ಆದರೆ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಈಗಿರುವ ಮಿತಿ ತೆಗೆಯಬೇಕು, ಎಸ್‌ಎಸ್‌ಐ ಕೊಡಬೇಕು, ಕೇಂದ್ರದ ಖರ್ಚು ಏರುತ್ತದೆ. ಅಮೆರಿಕದ ಅತಿ ಬಡ ರಾಜ್ಯ ಅನ್ನಿಸಿಕೊಂಡ ಮಿಸಿಸಿಪ್ಪಿಗಿಂತಲೂ ದ್ವೀಪದ ಕುಟುಂಬಗಳ ಆದಾಯ ಬಹಳ ಕಡಿಮೆ. ಸುಮಾರು 7,000 ಕೋಟಿ ಡಾಲರ್ ಸಾಲದಲ್ಲಿ ಮುಳುಗಿದಾಗ 2016ರಲ್ಲಿ ಕಾಂಗ್ರೆಸ್ ಒಂದು ಹಣಕಾಸು ಮಂಡಳಿ ನೇಮಿಸಿತು. ಅದರ ಸದಸ್ಯರನ್ನು ದ್ವೀಪದವರು ಆರಿಸಿಲ್ಲ, ಆದರೂ ಅವರ ಬಜೆಟ್ ಮೇಲೆ ಕೊನೆಯ ಮಾತು ಅದರದ್ದೇ.

ಪಕ್ಷದ ಲೆಕ್ಕ ಇಲ್ಲಿ ಡಿ.ಸಿ.ಯಷ್ಟು ನೇರ ಅಲ್ಲ, ಇದನ್ನು ಗಮನಿಸಬೇಕು. ರಿಪಬ್ಲಿಕನ್ ಅಧ್ಯಕ್ಷರಾಗಿದ್ದ ರೇಗನ್, ಹಿರಿಯ ಬುಷ್ ಇಬ್ಬರೂ ಪೋರ್ಟೊ ರಿಕೊ ರಾಜ್ಯ ಆಗಲಿ ಅಂದಿದ್ದರು. ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆಯಲ್ಲೂ 2016ರವರೆಗೆ ಆ ಮಾತಿತ್ತು. ಈಗಿನ ಗವರ್ನರ್ ಜೆನಿಫರ್ ಗೊನ್ಸಾಲೆಸ್ ರಿಪಬ್ಲಿಕನ್, ಟ್ರಂಪ್ ಬೆಂಬಲಿಗರು, ರಾಜ್ಯದ ಪರ ಇರುವವರು. ಡೆಮಾಕ್ರಾಟ್‌ಗಳಲ್ಲೂ ಒಡಕು ಇದೆ. ಪೋರ್ಟೊ ರಿಕನ್ ಮೂಲದ ಕೆಳಮನೆ ಸದಸ್ಯೆಯರಾದ ನಿಡಿಯಾ ವೆಲಾಸ್ಕೆಸ್, ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಸ್ ಇಬ್ಬರೂ ರಾಜ್ಯ ಅನ್ನುವ ಒಂದೇ ಉತ್ತರ ಹೇರಬೇಡಿ, ದ್ವೀಪದವರೇ ಸಮಾವೇಶ ಸೇರಿ ನಿರ್ಧರಿಸಲಿ ಅಂತ 2020ರಲ್ಲಿ ವಾದಿಸಿದರು. ಆದರೂ ಸ್ಪ್ಯಾನಿಷ್ ಮಾತಾಡುವ ಬಡ ದ್ವೀಪ ಅಂದ ಕೂಡಲೇ ಅದು ಡೆಮಾಕ್ರಾಟ್ ಅಂತ ಸೆನೆಟ್‌ನ ರಿಪಬ್ಲಿಕನ್ ನಾಯಕರು ಗುರುತು ಹಾಕಿಬಿಟ್ಟಿದ್ದಾರೆ. 2019ರಲ್ಲಿ ಆಗಿನ ನಾಯಕ ಮಿಚ್ ಮೆಕಾನೆಲ್ ಡಿ.ಸಿ., ಪೋರ್ಟೊ ರಿಕೊ ಎರಡನ್ನೂ ಸಮಾಜವಾದದ ಯೋಜನೆ ಅಂತ ಒಟ್ಟಿಗೆ ಸೇರಿಸಿ ಮಾತಾಡಿದರು. ನ್ಯೂ ಮೆಕ್ಸಿಕೊದವರ ಮೇಲೆ ಇದ್ದ ಅನುಮಾನಕ್ಕೂ ಇದಕ್ಕೂ ಬಹಳ ದೂರ ಇಲ್ಲ.

ಕೆಳಮನೆಯಲ್ಲಿ 1998ರಲ್ಲಿ ಒಂದು ಮಸೂದೆ 209-208, ಒಂದೇ ವೋಟಿನಿಂದ ಪಾಸಾಗಿತ್ತು. 2022ರ ಡಿಸೆಂಬರ್‌ನಲ್ಲಿ ಇನ್ನೊಂದು 233-191ರಿಂದ ಪಾಸಾಯಿತು, ಅದು ಮೂರು ಆಯ್ಕೆ ಕೊಟ್ಟು ಫಲಿತಾಂಶ ಜಾರಿ ಮಾಡುವ ಮಾತು ಕೊಟ್ಟಿತ್ತು. ಎರಡನ್ನೂ ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ. ಕೆಳಮನೆಯಲ್ಲಿ 435 ಸೀಟಿನ ಮಿತಿಯ ತೊಂದರೆ ಬೇರೆ. ಪೋರ್ಟೊ ರಿಕೊ ಬಂದರೆ ಜನಸಂಖ್ಯೆಗೆ ತಕ್ಕಂತೆ ಸುಮಾರು ನಾಲ್ಕು ಸೀಟು ಬೇಕು, ಮಿತಿ ಏರಿಸದಿದ್ದರೆ ಅವು ಬೇರೆ ರಾಜ್ಯಗಳಿಂದ ಹೋಗಬೇಕು. ಕಳೆದುಕೊಳ್ಳುವ ರಾಜ್ಯ ಸುಮ್ಮನಿರುತ್ತದಾ?

60 ವೋಟಿನ ಗೋಡೆ

ಸಾಮಾನ್ಯ ಬಹುಮತ ಸಾಕು ಅಂತ ಮೇಲೆ ಬರೆದೆ. ಸಂವಿಧಾನದ ಪ್ರಕಾರ ಹೌದು. ಸೆನೆಟ್‌ನ ಸ್ವಂತ ನಿಯಮದ ಪ್ರಕಾರ ಚರ್ಚೆ ಮುಗಿಸಿ ವೋಟಿಗೆ ಹಾಕಲು 100ರಲ್ಲಿ 60 ಸದಸ್ಯರು ಒಪ್ಪಬೇಕು. ಇದರ ಬಲದಲ್ಲಿ ಚರ್ಚೆ ಎಳೆದು ಮಸೂದೆ ತಡೆಯುವುದಕ್ಕೇ ಫಿಲಿಬಸ್ಟರ್ ಅನ್ನುತ್ತಾರೆ. ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮ ಇರುವಾಗ 60 ಸಿಗುವುದಿಲ್ಲ.

ಈ ನಿಯಮವನ್ನು ಬರೀ ಬಹುಮತದಿಂದ ಬದಲಾಯಿಸಬಹುದು. ನ್ಯಾಯಾಧೀಶರ ನೇಮಕಕ್ಕೆ 2013ರಲ್ಲಿ ಡೆಮಾಕ್ರಾಟ್‌ಗಳು, ಸುಪ್ರೀಂ ಕೋರ್ಟ್ ನೇಮಕಕ್ಕೆ 2017ರಲ್ಲಿ ರಿಪಬ್ಲಿಕನ್ನರು ಬದಲಾಯಿಸಿದರು. ಕಾನೂನುಗಳಿಗೆ ಮಾತ್ರ ಉಳಿದಿದೆ. 2022ರ ಜನವರಿಯಲ್ಲಿ ಮತದಾನದ ಹಕ್ಕಿನ ಮಸೂದೆಗಾಗಿ ಅದನ್ನು ಸಡಿಲಿಸಲು ಡೆಮಾಕ್ರಾಟ್‌ಗಳು ಹೊರಟಾಗ ಮ್ಯಾಂಚಿನ್ ಮತ್ತು ಅರಿಜೋನಾದ ಸೆನೆಟರ್ ಕರ್ಸ್ಟನ್ ಸಿನೆಮಾ ಒಪ್ಪಲಿಲ್ಲ. ಇಬ್ಬರೂ ಈಗ ಸೆನೆಟ್‌ನಲ್ಲಿ ಇಲ್ಲ. ಆದರೆ ಗೋಡೆ ಕೆಡವಿದರೆ ಎದುರಾಳಿಗಳು ಅಧಿಕಾರಕ್ಕೆ ಬಂದಾಗ ಅವರಿಗೂ ದಾರಿ ತೆರೆದಿರುತ್ತದೆ ಅನ್ನುವ ಅಂಜಿಕೆ ಉಳಿದವರಲ್ಲೂ ಇದೆ.

ಇರುವ ರಾಜ್ಯ ಒಡೆಯುವ ಮಾತುಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕ್ಯಾಲಿಫೋರ್ನಿಯಾವನ್ನು ಮೂರು ಮಾಡುವ ಪ್ರಸ್ತಾಪವನ್ನು 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಮತಪತ್ರದಿಂದ ತೆಗೆಸಿತು. ಶಾಸನಸಭೆಯ ಒಪ್ಪಿಗೆ ಬೇಕಾಗಿರುವುದರಿಂದ ಇವು ಸುದ್ದಿಯಲ್ಲೇ ಮುಗಿಯುತ್ತವೆ. ಕೆನಡಾ ವಿಷಯಕ್ಕೆ ಬಂದರೆ, ಅಲ್ಲಿ ಸುಮಾರು 4 ಕೋಟಿ ಜನ, ಅಂದರೆ ಕ್ಯಾಲಿಫೋರ್ನಿಯಾದಷ್ಟು. ಅವರು ಬರುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದಾರೆ, ಅದೇ ಕೊನೆಯ ಮಾತು. ಬಂದರೂ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಒಗ್ಗಿದ ಆ ಮತದಾರರು ರಿಪಬ್ಲಿಕನ್ನರ ಕಡೆ ವಾಲುವುದು ಕಷ್ಟ.

ಮುಂದೆ ಏನಾಗಬಹುದು

ಹತ್ತಿರದಲ್ಲಿ ಏನೂ ಆಗುವುದಿಲ್ಲ ಅನ್ನುವುದು ಪ್ರಾಮಾಣಿಕ ಉತ್ತರ. 2026ರ ನವೆಂಬರ್‌ನಲ್ಲಿ ಕೆಳಮನೆ ಡೆಮಾಕ್ರಾಟ್‌ಗಳ ಕೈಗೆ ಬಂದು ಡಿ.ಸಿ. ಮಸೂದೆ ಮತ್ತೆ ಪಾಸಾದರೂ ಸೆನೆಟ್‌ನಲ್ಲಿ 60 ಇರುವುದಿಲ್ಲ. ಅದನ್ನೂ ದಾಟಿದರೆ ಟ್ರಂಪ್ ಸಹಿ ಬೇಕು. ಅವರು ನಿರಾಕರಿಸಿದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡರಷ್ಟು ಬೇಕು. ಅಂದರೆ ಟ್ರಂಪ್ ಅವಧಿ ಮುಗಿಯುವ 2029ರ ಜನವರಿಗೆ ಮೊದಲು ಬಾಗಿಲು ತೆರೆಯುವ ಸಾಧ್ಯತೆ ಇಲ್ಲ.

ಅಲ್ಲಿಯವರೆಗೆ ಡಿ.ಸಿ.ಯವರ ಹೋರಾಟ ಹೊಸದನ್ನು ಪಡೆಯುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದಕ್ಕೆ ನಡೆಯುತ್ತದೆ. ಹೋಮ್ ರೂಲ್ ಕಾಯ್ದೆಯನ್ನೇ ರದ್ದು ಮಾಡಬೇಕು ಅನ್ನುವ ಮಸೂದೆಗಳನ್ನು ಕೆಲವು ರಿಪಬ್ಲಿಕನ್ ಸದಸ್ಯರು ಆಗಲೇ ಮಂಡಿಸಿದ್ದಾರೆ. ಪೋರ್ಟೊ ರಿಕೊದಲ್ಲಿ ಬೇರೆ ಬದಲಾವಣೆ ಕಾಣುತ್ತಿದೆ. 2024ರ ಗವರ್ನರ್ ಚುನಾವಣೆಯಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದು ಸ್ವಾತಂತ್ರ್ಯ ಪಕ್ಷದ ಹ್ವಾನ್ ದಾಲ್ಮಾವು. ದಶಕಗಳ ಕಾಲ ಒಂದಂಕಿಯ ವೋಟು ಪಡೆಯುತ್ತಿದ್ದ ಪಕ್ಷ ಅದು. ವಿದ್ಯುತ್ ಹೋಗುವುದು, ಸಾಲ, ಭ್ರಷ್ಟಾಚಾರದ ಮೇಲಿನ ಸಿಟ್ಟು ಅದಕ್ಕೆ ಮುಖ್ಯ ಕಾರಣ, ಅಷ್ಟೂ ಜನ ಸ್ವಾತಂತ್ರ್ಯ ಬೇಕು ಅಂದರು ಅಂತ ಅಲ್ಲ. ಆದರೆ ವಾಷಿಂಗ್ಟನ್ ಉತ್ತರ ಕೊಡದೆ ಎಷ್ಟು ತಡ ಮಾಡುತ್ತದೋ ಅಷ್ಟು ಯುವಕರು ರಾಜ್ಯದ ಬೇಡಿಕೆಯನ್ನು ಬಿಟ್ಟು ಬೇರೆ ದಾರಿ ಹುಡುಕುತ್ತಾರೆ.

2029ರಲ್ಲಿ ಡೆಮಾಕ್ರಾಟ್‌ಗಳಿಗೆ ಅಧ್ಯಕ್ಷ ಸ್ಥಾನ, ಎರಡೂ ಸದನ ಒಟ್ಟಿಗೆ ಸಿಕ್ಕಿದರೆ ಆಗ ಅವರು ಎರಡು ತೀರ್ಮಾನ ತೆಗೆದುಕೊಳ್ಳಬೇಕು: ಫಿಲಿಬಸ್ಟರ್ ತೆಗೆಯುವುದೋ ಬೇಡವೋ, 23ನೇ ತಿದ್ದುಪಡಿಯ ಗಂಟು ಬಿಡಿಸದೆ ಮುಂದೆ ಹೋಗುವುದೋ ಬೇಡವೋ. ಹೋದರೆ ವಿಷಯ ಖಂಡಿತ ಸುಪ್ರೀಂ ಕೋರ್ಟಿಗೆ ಹೋಗುತ್ತದೆ, ಮತ್ತು ಅಲ್ಲಿ ಈಗ ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳು ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು.